ಹೆಣ್ಣು ಹೆತ್ತವಳ ತಪ್ಪೇನು?

ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಸೊಸೆಯನ್ನು ಹಳಿಯುವವರು ಗರ್ಭೋತ್ಪತ್ತಿಯ ಕ್ರಮವನ್ನು ಅರಿಯತಕ್ಕದ್ದು. ತಾಯಿಯ ಅಂಡಾಣುವಿನಲ್ಲಿ 23, ತಂದೆಯ ವೀರ್ಯಾಣುವಿನಲ್ಲಿ 23 ವರ್ಣತಂತುಗಳಿರುತ್ತವೆ. ಅವೆರಡೂ ಅಂಡನಾಳದಲ್ಲಿ ಕೂಡಲು ಜೀವವು ಅಂಕುರಿಸುತ್ತದೆ. ಅಂಡಾಣುವು ತರುವುದು ‘ಎಕ್ಸ್’ ಎಂಬ ತಂತುವನ್ನೇ. ವೀರ್ಯಾಣುವು ‘ಎಕ್ಸ್’ ತಂದರೆ ಸಾಮಾನ್ಯವಾಗಿ ಹೆಣ್ಣು, ‘ವೈ’ ತಂದರೆ ಗಂಡು.

ಸುಮಾರು ಆರನೆಯ ದಿನ ಭ್ರೂಣವು ಗರ್ಭಾಶಯದ ಭಿತ್ತಿಯಲ್ಲಿ ನೆಲೆಗೊಳ್ಳತೊಡಗುತ್ತದೆ. ಮುಂದೆ ಮಾಸು ಹಾಗೂ ಹೊಕ್ಕುಳಬಳ್ಳಿಯ ಮೂಲಕ ತಾಯಿಯಿಂದ ಆಹಾರವನ್ನೂ ಪ್ರಾಣವಾಯುವನ್ನೂ ಪಡೆದು ಬೆಳೆಯುತ್ತದೆ. ಕಡೆಯ ಮುಟ್ಟಿನ ಮೊದಲ ದಿನದಿಂದ ಸುಮಾರು 280 ದಿನಗಳಿಗೆ ಪ್ರಸವವಾಗುತ್ತದೆ.

ಹೊತ್ತು ಪೋಷಿಸಿದವಳು ತಾಯಿ. ಹೆಣ್ಣೋ ಗಂಡೋ ಎಂಬುದು ನಿಶ್ಚಯವಾದದ್ದು ತಂದೆಯ ಅಣುವಿನಿಂದ, ಅದೂ ಅವನ ಇಚ್ಛೆಯಿಂದಲ್ಲ. ಅಂದಮೇಲೆ ಇಲ್ಲಿ ಅಪರಾಧಿಯೇ ಇಲ್ಲ. ಭ್ರೂಣದ ಲಿಂಗವನ್ನು ಹೊರಗೆಡಹುವುದನ್ನು 1994ರ ಕಾಯಿದೆಯು ನಿಷೇಧಿಸಿದೆ. ಬಾಣಂತಿಯನ್ನು ನಿಂದಿಸುವ ನಾಲಗೆಯನ್ನಾದರೋ ಮನೆಯವರ ಅರಿವೇ ತಡೆಯಬೇಕು.