ಐದನೇ ಕ್ಲಾಸಿಗೆ ಪೈಥಾನ್ ಬೇಡ

ಕಳೆದ ಸೆಮ್‌ನಲ್ಲಿ ನಾವು ನಾಲ್ಕು ಜನ ಪ್ರತಿ ಶನಿವಾರ ಒಂದು ಸರ್ಕಾರಿ ಶಾಲೆಗೆ ಕೋಡಿಂಗ್ ಹೇಳಿಕೊಡೋಕೆ ಹೋಗ್ತಿದ್ವಿ. ಮೊದಲ ದಿನವೇ ಐದನೇ ಕ್ಲಾಸಿನವರಿಗೆ ನಾನು ಪೈಥಾನ್ ಶುರು ಮಾಡಿದೆ. ಒಬ್ಬ ಹುಡುಗಿಗೆ 'ಪ್ರಿಂಟ್' ಪದದ ಇಂಗ್ಲಿಷ್ ಅಕ್ಷರಗಳನ್ನು ಕೀಬೋರ್ಡಿನಲ್ಲಿ ಹುಡುಕೋಕೇ ಹತ್ತು ನಿಮಿಷ ಬೇಕಾಯ್ತು. ಬ್ರಾಕೆಟ್ ಮುಚ್ಚಿರಲಿಲ್ಲ, ಎರರ್ ಬಂತು. "ಅಣ್ಣಾ, ನಂಗಿದು ಬರಲ್ಲ" ಅಂದುಬಿಟ್ಟಳು. ತಪ್ಪು ನನ್ನದು.

ಮುಂದಿನ ವಾರ ಕಂಪ್ಯೂಟರ್ ಆನ್ ಮಾಡಲೇ ಇಲ್ಲ. ಚಾಕ್‌ಪೀಸ್‌ನಲ್ಲಿ ನೆಲದ ಮೇಲೆ ಕುಂಟೆಬಿಲ್ಲೆ ತರ ಚೌಕ ಎಳೆದು, ನಾನೇ ರೋಬೋ ಆದೆ. 'ಎರಡು ಹೆಜ್ಜೆ ಮುಂದೆ', 'ಎಡಕ್ಕೆ ತಿರುಗು' ಅಂತ ಅವರು ಚೀಟಿ ಬರೆದು ಕೊಡಬೇಕು. ಅದೇ ಹುಡುಗಿ 'ತಿರುಗು' ಬರೆಯೋದು ಮರೆತಿದ್ದಳು. ನಾನು ಸೀದಾ ಹೋಗಿ ಗೋಡೆಗೆ ಗುದ್ದಿದೆ. ಎಲ್ಲರೂ ಬಿದ್ದುಬಿದ್ದು ನಕ್ಕರು. ಅವಳು ಮಾತ್ರ ಚೀಟಿ ಕಿತ್ತುಕೊಂಡು, ಬಿಟ್ಟುಹೋದ ಸಾಲು ಸೇರಿಸಿ ವಾಪಸ್ ಕೊಟ್ಟಳು. ಡೀಬಗಿಂಗ್ ಅಂದ್ರೆ ಇದೇ ತಾನೇ?

ಐಡಿಯಾ ಹೊಸದೇನಲ್ಲ. 1967ರಲ್ಲಿ ಸೇಮೂರ್ ಪ್ಯಾಪರ್ಟ್ ಮತ್ತು ಜೊತೆಗಾರರು ಮಕ್ಕಳಿಗಾಗಿ ಮಾಡಿದ 'ಲೋಗೋ' ಭಾಷೆಯ ಆಮೆಯೂ ಇಂಥದ್ದೇ ಆಜ್ಞೆಗಳಿಗೆ ನಡೆಯುತ್ತಿತ್ತು.

ಐದರಿಂದ ಏಳು ವರ್ಷದವರಿಗೆ ಸ್ಕ್ರಾಚ್ ಜೂನಿಯರ್ ಇದೆ. ಬ್ಲಾಕ್‌ಗಳ ಮೇಲೆ ಚಿತ್ರಗಳಿರೋದರಿಂದ ಓದೋಕೆ ಬರದಿದ್ದರೂ ನಡೆಯುತ್ತೆ. ಎಂಟು ದಾಟಿದವರಿಗೆ ಎಂಐಟಿಯವರು 2007ರಲ್ಲಿ ಬಿಟ್ಟ ಸ್ಕ್ರಾಚ್. ಬ್ಲಾಕ್ ಜೋಡಿಸೋದಾದ್ದರಿಂದ ಸ್ಪೆಲ್ಲಿಂಗ್ ತಪ್ಪಲ್ಲ. ಲಾಜಿಕ್ ತಪ್ಪಬಹುದು, ತಪ್ಪಲಿ ಬಿಡಿ. ಪೈಥಾನ್ ನನ್ನ ಪ್ರಕಾರ ಎಂಟನೇ ಕ್ಲಾಸಿನಿಂದ, ಅದೂ ಟೈಪಿಂಗ್ ಕೈಗೆ ಕೂತಮೇಲೆ.

ಆ ಹುಡುಗಿ ಈಗ ಸ್ಕ್ರಾಚ್‌ನ ಬೆಕ್ಕನ್ನು ಓಡಿಸ್ತಾಳೆ. ಅದು ಪರದೆಯ ಅಂಚಿಗೆ ಗುದ್ದಿದರೆ "ತಿರುಗು ಹಾಕಿಲ್ಲ" ಅಂತ ಅವಳೇ ಹೇಳ್ತಾಳೆ. ಈ ಸೆಮ್ ಹೋಗೋರು ಲ್ಯಾಪ್‌ಟಾಪ್ ಜೊತೆ ಒಂದು ಡಬ್ಬಿ ಚಾಕ್‌ಪೀಸ್ ಇಟ್ಕೊಳ್ಳಿ.