ಹೊಸ ಸವಾರನಿಗೆ ಹಳೆಯ ಕುದುರೆ

ಕುದುರೆಯನ್ನು ಕಂಡರೆ ಕಾಲುನೋವು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಕಡಲೆಕಾಯಿ ಕಿತ್ತು ಹೊಲ ಬರಿದಾದ ಮೇಲೆ ಕುರಿಮಂದೆಯವರು ಓಬಳಾಪುರದ ದಾರಿಯಲ್ಲಿ ಹಾದು ಹೋಗುವುದುಂಟು. ಬಲೆ, ಪಾತ್ರೆ, ಎಳೆಯ ಮರಿಗಳನ್ನು ಹೊತ್ತ ಅವರ ತಟ್ಟು ಒಂದನ್ನು ಕಂಡರೆ ಸಾಕು, ನಮ್ಮ ಶಾಲೆಯ ಹುಡುಗರು ಅದರ ಹಿಂದೆಯೇ ಓಡುತ್ತಾರೆ. ಹುಡುಗರ ಮಾತೇಕೆ? ದೊಡ್ಡವರೂ ಈಚೆಗೆ ನಮ್ಮ ಬಳಿ ಬಂದು, “ಮೇಷ್ಟ್ರೇ, ಒಂದು ಕುದುರೆ ಕೊಳ್ಳೋಣವೆಂದಿದ್ದೇವೆ, ಹೇಗೆ?” ಎಂದು ಕೇಳುತ್ತಾರೆ. ಫೋನಿನಲ್ಲಿ ಬಂದ ಚಿತ್ರವನ್ನು ನೋಡಿಯೇ ಮುಂಗಡ ಕೊಟ್ಟು ಬಂದವರೂ ಇದ್ದಾರೆ. ಅಂಥವರಿಗಾಗಿ ಈ ಪಾಠ. ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ದುಡ್ಡು ಕೊಟ್ಟು, ಮಗನ ಕೈ ಮುರಿಸಿ ಕಲಿತದ್ದು.

1. ನಮ್ಮಿಂದಾದ ತಪ್ಪು

ಗೊತ್ತಿದ್ದುದರಿಂದ ಗೊತ್ತಿಲ್ಲದುದಕ್ಕೆ ಹೋಗಬೇಕೆಂದು ಉಪಾಧ್ಯಾಯರ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ನಮಗೆ ಗೊತ್ತಿದ್ದುದು ಎತ್ತು. ಆದುದರಿಂದ ಹತ್ತು ವರ್ಷದ ಹಿಂದೆ ಜಾತ್ರೆಯೊಂದರಲ್ಲಿ ನಾವು ಎತ್ತಿನ ಕಣ್ಣಿನಿಂದ ಕುದುರೆಯನ್ನು ನೋಡಿದೆವು. ಕೆಂಬಣ್ಣದ ಹೆಣ್ಣು ಕುದುರೆ, ಎರಡು ಹಲ್ಲು, ಮೈಮೇಲೆ ಒಳ್ಳೆಯ ಸುಳಿ. ದಲ್ಲಾಳಿಯು ವಲ್ಲಿಯ ಕೆಳಗೆ ಬೆರಳು ಹಿಡಿದು ಬೆಲೆ ಮುಗಿಸಿದನು. ಜಾತ್ರೆಯ ಗದ್ದಲದಲ್ಲಿಯೂ ಅದು ತಲೆ ತಗ್ಗಿಸಿಕೊಂಡು ನಿಂತಿತ್ತು. ಎಂಥ ಸಾಧು ಪ್ರಾಣಿ ಎಂದುಕೊಂಡೆವು.

ಮನೆಗೆ ಬಂದು ಎರಡು ದಿನ ತಿಂದು, ಕುಡಿದು, ಮಲಗಿ ಎದ್ದ ಮೇಲೆ ಮೂರನೆಯ ದಿನ ಅದರ ನಿಜ ತಿಳಿಯಿತು. ಅದು ಸಾಧುವಾಗಿದ್ದುದರಿಂದಲ್ಲ, ದೂರದಿಂದ ನಡೆದು ದಣಿದುದರಿಂದ ಸುಮ್ಮನೆ ನಿಂತಿತ್ತು. ಹನ್ನೆರಡು ವರ್ಷದ ನಮ್ಮ ಮಗನನ್ನು ಹತ್ತಿಸಿ ಹಗ್ಗ ಹಿಡಿದು ನಡೆಸುತ್ತಿದ್ದೆವು. ಬೇಲಿಯ ಮೇಲಿನ ಪ್ಲಾಸ್ಟಿಕ್ ಚೀಲವೊಂದು ಗಾಳಿಗೆ ಪಟಪಟ ಎಂದಿತು. ಕುದುರೆ ಪಕ್ಕಕ್ಕೆ ಹಾರಿತು. ಹುಡುಗನು ಕಲ್ಲಿನ ಮೇಲೆ ಬಿದ್ದನು. ಮುಂಗೈ ಮೂಳೆ ಮುರಿದಿತ್ತು. ತಲೆಗೆ ಏಟಾಗದಿದ್ದುದು ನಮ್ಮ ಪುಣ್ಯವೇ ಹೊರತು ನಮ್ಮ ಬುದ್ಧಿಯಲ್ಲ.

2. ಹಲ್ಲಿನ ಲೆಕ್ಕ

ಎತ್ತು ಕೊಳ್ಳುವಾಗ ಎರಡು ಹಲ್ಲು, ನಾಲ್ಕು ಹಲ್ಲಿನದನ್ನು ಹುಡುಕುತ್ತೇವೆ. ಬಾಯಿಗೂಡಿ ಹಳತಾದದ್ದಕ್ಕೆ ಬೆಲೆ ಇಳಿಯುತ್ತದೆ. ಕುದುರೆಯಲ್ಲಿ ಈ ಲೆಕ್ಕ ತಿರುಗುಮುರುಗು. ಕುದುರೆಗೆ ಮೇಲೂ ಕೆಳಗೂ ಮುಂದಿನ ಹಲ್ಲುಗಳಿವೆ. ಸುಮಾರು ಎರಡೂವರೆ ವರ್ಷಕ್ಕೆ ನಡುವಿನ ಜೋಡಿ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರುತ್ತದೆ. ಮೂರೂವರೆಗೆ ಅದರ ಪಕ್ಕದವು, ನಾಲ್ಕೂವರೆಗೆ ಮೂಲೆಯವು. 5 ವರ್ಷಕ್ಕೆ ಬಾಯಿ ಕೂಡುತ್ತದೆ. ಆಮೇಲೆ ಹಲ್ಲಿನ ಮೇಲಿನ ಕುಳಿ ಸವೆಯುವುದನ್ನು ನೋಡಿ ವಯಸ್ಸು ಹೇಳುತ್ತಾರೆ. ಹತ್ತು ದಾಟಿದ ಮೇಲೆ ಅದು ಅಂದಾಜು ಮಾತ್ರ.

ಚೆನ್ನಾಗಿ ಸಾಕಿದ ಕುದುರೆ 25 ವರ್ಷ ಬದುಕುವುದುಂಟು. ಎರಡು ಹಲ್ಲಿನ ಕುದುರೆ ಎಂದರೆ ಒಂದನೆಯ ತರಗತಿಯ ಮಗು. ಅದಕ್ಕೂ ಪಾಠವಿಲ್ಲ, ಸವಾರನಿಗೂ ಪಾಠವಿಲ್ಲ. ಇಬ್ಬರಲ್ಲಿ ಯಾರು ಯಾರಿಗೆ ಕಲಿಸಬೇಕು? ಹೊಸಬನಾದವನು 10ರಿಂದ 15 ವರ್ಷದ, ಹಲವರನ್ನು ಹೊತ್ತು ಪಳಗಿದ ಕುದುರೆಯನ್ನೇ ಕೊಳ್ಳತಕ್ಕದ್ದು. ಗಂಡಾದರೆ ಬೀಜ ಒಡೆಸಿದ್ದೇ ಇರಬೇಕು. ಮುದಿ ಎಂದು ಜನ ನಗಲಿ. ಅದು ಕುದುರೆಯಲ್ಲ, ನಿಮ್ಮ ಉಪಾಧ್ಯಾಯ.

3. ಹೊಟ್ಟೆಯ ಲೆಕ್ಕ

ಎತ್ತಿಗೆ ಮೆಲುಕು ಹಾಕುವ ದೊಡ್ಡ ಹೊಟ್ಟೆಯಿದೆ. ಕುದುರೆ ಮೆಲುಕು ಹಾಕುವುದಿಲ್ಲ. ಅದರ ಜಠರ ಚಿಕ್ಕದು, ಸುಮಾರು 8ರಿಂದ 15 ಲೀಟರು. ಅಲ್ಲದೆ ಕುದುರೆಗೆ ವಾಂತಿ ಮಾಡಲು ಬಾರದು. ಒಳಗೆ ಹೋದ ಕೆಟ್ಟ ಮೇವು ಹೊರಕ್ಕೆ ಬರುವ ದಾರಿಯಿಲ್ಲದೆ ಹೊಟ್ಟೆಶೂಲೆಯಾಗುತ್ತದೆ. ಕುದುರೆ ನೆಲ ಕೆರೆಯುತ್ತಾ, ಹೊಟ್ಟೆಯ ಕಡೆ ತಿರುಗಿ ನೋಡುತ್ತಾ, ಬಿದ್ದು ಹೊರಳುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂಡಕೂಡದು. ಆ ಗಳಿಗೆಯಲ್ಲೇ ಪಶುವೈದ್ಯರನ್ನು ಕರೆಯಬೇಕು.

ನಮ್ಮ ಸೀಮೆಯಲ್ಲಿ ಮನೆಮನೆಗೂ ಕಡಲೆಹೊಟ್ಟಿನ ಬಣವೆಯಿದೆ. ಒಣಗಿದ ಒಳ್ಳೆಯ ಹೊಟ್ಟು ಸರಿ. ಮಳೆಗೆ ನೆನೆದು ಬೂಷ್ಟು ಹಿಡಿದದ್ದನ್ನೂ ಬೂಷ್ಟಿನ ಹಿಂಡಿಯನ್ನೂ ಕುದುರೆಯ ಹತ್ತಿರ ಸುಳಿಯಗೊಡಬಾರದು. ಹುರುಳಿಯನ್ನು ಬೇಯಿಸಿ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಬೇಕು. ಒಮ್ಮೆಗೇ ಕಾಳು ಸುರಿದರೆ ಶೂಲೆಯ ಜೊತೆಗೆ ಗೊರಸಿನ ಒಳಗೆ ಉರಿಯೂತವಾಗಿ ಕುದುರೆ ಕುಂಟಾಗುತ್ತದೆ. ಇನ್ನೊಂದು ಮುಖ್ಯ ಮಾತು: ಕೆಲವು ಕೋಳಿ ಮತ್ತು ದನಗಳ ಆಹಾರದಲ್ಲಿ ಮೊನೆನ್ಸಿನ್ ಎಂಬ ಔಷಧವನ್ನು ಬೆರೆಸಿರುತ್ತಾರೆ. ದನಕ್ಕೆ ಅದು ಒಗ್ಗುತ್ತದೆ, ಕುದುರೆಯ ಹೃದಯಕ್ಕೆ ವಿಷ. ಆದುದರಿಂದ ಅಂಗಡಿಯ ಚೀಲದ ಆಹಾರವನ್ನು ಕೇಳದೆ ಹಾಕಬಾರದು.

250 ಕಿಲೋ ತೂಕದ ತಟ್ಟುವಿಗೆ ದಿನಕ್ಕೆ ಸುಮಾರು 5 ಕಿಲೋ ಒಣಮೇವು ಬೇಕು. ನೀರು 20 ಲೀಟರಿಗೆ ಕಡಿಮೆಯಿಲ್ಲ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಎತ್ತಿಗೆ ಲಾಳ ಕಟ್ಟುವವರೇ ಅಪರೂಪವಾಗಿರುವ ಈ ಕಾಲದಲ್ಲಿ ಕುದುರೆಯ ಗೊರಸು ಬಲ್ಲವನು ನಿಮ್ಮ ಊರಿಗೆ ಎಷ್ಟು ದೂರದಲ್ಲಿದ್ದಾನೆಂಬುದನ್ನು ಕೊಳ್ಳುವ ಮೊದಲೇ ವಿಚಾರಿಸುವುದು ಯುಕ್ತ.

4. ಅರಸರೂ ಸೋತ ವ್ಯಾಪಾರ

ಈ ಕಷ್ಟ ನಮಗೆ ಮಾತ್ರ ಬಂದದ್ದಲ್ಲ. 13ನೆಯ ಶತಮಾನದಲ್ಲಿ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೋ ಎಂಬ ಪ್ರವಾಸಿ, ಅಲ್ಲಿನ ಅರಸರು ವರ್ಷವರ್ಷವೂ ಸಾವಿರಾರು ಕುದುರೆ ಕೊಂಡರೂ ಆರೈಕೆ ತಿಳಿಯದೆ ಬಹುಪಾಲು ಸತ್ತುಹೋಗುತ್ತಿದ್ದವೆಂದು ಬರೆದಿದ್ದಾನೆ. ಕುದುರೆಯ ವೈದ್ಯ ಬಲ್ಲವರನ್ನು ಅಲ್ಲಿಗೆ ಬರದಂತೆ ವ್ಯಾಪಾರಿಗಳೇ ತಡೆಯುತ್ತಿದ್ದರಂತೆ. ಕುದುರೆ ಸತ್ತಷ್ಟೂ ಅವರಿಗೆ ಲಾಭ. ನಮ್ಮ ನೆರೆಯ ವಿಜಯನಗರದ ಕಥೆಯೂ ಹೀಗೆಯೇ. ಹಂಪೆಯ ಹಜಾರ ರಾಮನ ಗುಡಿಯ ಪ್ರಾಕಾರದಲ್ಲಿ ಕಲ್ಲಿನ ಕುದುರೆಗಳ ಸಾಲನ್ನು ಇಂದಿಗೂ ನೋಡಬಹುದು. 16ನೆಯ ಶತಮಾನದಲ್ಲಿ ಅಲ್ಲಿದ್ದ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಹೇಳುವಂತೆ, ಹಿಂದಿನ ಅರಸನೊಬ್ಬನು ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದನು. ಅರಸನಿಗೆ ಬಾಲಕ್ಕೆ ಬೆಲೆ ಕೊಡುವ ಶಕ್ತಿಯಿತ್ತು. ಒಂದು ಬೆಳೆಯ ದುಡ್ಡಿನಲ್ಲಿ ಕುದುರೆ ಕೊಳ್ಳುವ ನಮಗೆ ಆ ಶಕ್ತಿಯಿಲ್ಲ.

5. ಕೊಳ್ಳುವ ಮುನ್ನ

ಸುಳಿ ನೋಡುವವರು ನೋಡಿಕೊಳ್ಳಲಿ. ಸುಳಿ ಯಾರನ್ನೂ ಬೀಳಿಸುವುದಿಲ್ಲ. ಕೆಳಗಿನವನ್ನು ಮೊದಲು ನೋಡಬೇಕು.

(ಅ) ಒಂದೇ ದಿನ ನೋಡಿ ಕೊಳ್ಳಕೂಡದು. ಮಾರುವವನ ಮನೆಗೇ ಹೋಗಿ, ಬೇರೆ ಬೇರೆ ದಿನ ಮೂರು ಸಲ ನೋಡಬೇಕು. ಒಮ್ಮೆ ಹೇಳದೆ ಹೋಗಬೇಕು. ಆಗಲೇ ಮೈ ಬೆವರಿ ದಣಿದಿದ್ದರೆ, ಅಥವಾ ಮತ್ತು ಬಂದಂತೆ ನಿಂತಿದ್ದರೆ ಹಿಂದಿರುಗಿರಿ.

(ಆ) ಹಿಡಿಯುವುದು, ಕಡಿವಾಣ ಹಾಕುವುದು, ಜೀನು ಬಿಗಿಯುವುದು, ನಾಲ್ಕು ಗೊರಸನ್ನೂ ಎತ್ತುವುದು, ಇಷ್ಟನ್ನೂ ನಿಮ್ಮ ಕಣ್ಣೆದುರು ಮಾಡಿಸಿರಿ. ಮೊದಲು ಮಾರುವವನೇ ಹತ್ತಲಿ, ಆಮೇಲೆ ಬಲ್ಲವನೊಬ್ಬ, ಕೊನೆಗೆ ನೀವು. ಮಾರುವವನೇ ಹತ್ತಲು ಹಿಂಜರಿದರೆ ಬೇರೆ ಸಾಕ್ಷಿ ಬೇಕಿಲ್ಲ.

(ಇ) ಗಟ್ಟಿ ನೆಲದ ಮೇಲೆ ಸಡಿಲ ಹಗ್ಗದಲ್ಲಿ ಕುಕ್ಕುಲೋಟ ಓಡಿಸಿರಿ. ಮುಂಗಾಲು ನೋವಿದ್ದರೆ ಆ ಕಾಲು ಊರುವಾಗ ತಲೆ ಮೇಲಕ್ಕೇಳುತ್ತದೆ.

(ಈ) ಬಸ್ಸು, ಟ್ರಾಕ್ಟರು, ನಾಯಿ, ಹಾರುವ ಬಟ್ಟೆ, ಇವುಗಳ ಎದುರಿಗೆ ಹೇಗಿರುತ್ತದೆ ನೋಡಿರಿ. ನಾವು ನೋಡದೆ ಬಿಟ್ಟದ್ದು ಇದನ್ನೇ.

(ಉ) ಸರ್ಕಾರಿ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಗ್ಲಾಂಡರ್ಸ್ ರೋಗಕ್ಕಾಗಿ ರಕ್ತಪರೀಕ್ಷೆಯನ್ನೂ ಕೇಳಿರಿ. ಈ ರೋಗ ಮನುಷ್ಯರಿಗೂ ಹರಡುತ್ತದೆ. 2009ರ ಪ್ರಾಣಿರೋಗ ಕಾಯಿದೆಯಲ್ಲಿ ಇದು ಸೇರಿದೆ. ರೋಗ ಖಚಿತವಾದ ಕುದುರೆಯನ್ನು ಕೊಲ್ಲಿಸುವುದೇ ಕ್ರಮ. ಮೂಗಿನಿಂದ ಅಂಟಾದ ಸಿಂಬಳ, ಮೈಮೇಲೆ ಗಂಟು ಕಂಡರೆ ಕಡಿಮೆ ಬೆಲೆಗೆ ಮರುಳಾಗಬೇಡಿರಿ.

(ಊ) ಗಡಿಯ ಆಚೆಯಿಂದ ಕೊಂಡರೂ ಈಚೆಯಿಂದ ಕೊಂಡರೂ ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಕಾಗದವಿರಲಿ. ವಯಸ್ಸು, ಗುರುತು, ಇದ್ದ ರೋಗ, ಒದೆಯುವ ಕಚ್ಚುವ ಅಭ್ಯಾಸ, ಹಿಂದಿರುಗಿಸುವ ಗಡುವು ಇಷ್ಟನ್ನೂ ಬರೆಸಿಕೊಳ್ಳಿರಿ.

6. ಹತ್ತುವ ಮುನ್ನ

ಕುದುರೆಗೆ ಹಣೆಯ ನೇರಕ್ಕೂ ಬಾಲದ ಹಿಂದಕ್ಕೂ ಕಣ್ಣು ಕಾಣದು. ಆದುದರಿಂದ ಹೆಗಲಿನ ಕಡೆಯಿಂದ, ಮಾತಾಡಿಸುತ್ತಾ ಹತ್ತಿರ ಹೋಗಬೇಕು. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬಾರದು. ಎತ್ತಿನ ಹಗ್ಗದ ಅಭ್ಯಾಸದಿಂದ ಬೆರಳು ಕಳೆದುಕೊಂಡವರುಂಟು. ಹಿಮ್ಮಡಿಯುಳ್ಳ ಪಾದರಕ್ಷೆ ಹಾಕಬೇಕು, ಇಲ್ಲವಾದರೆ ಬಿದ್ದಾಗ ಪಾದ ರಿಕಾಪಿನಲ್ಲಿ ಸಿಕ್ಕಿ ಕುದುರೆ ಎಳೆದುಕೊಂಡು ಹೋಗುತ್ತದೆ. ತಲೆಗೆ ಸವಾರಿಯ ಹೆಲ್ಮೆಟ್ ಇಲ್ಲದೆ ಮಕ್ಕಳನ್ನು ಹತ್ತಿಸಲೇಬಾರದು. ಧನುರ್ವಾಯುವಿನ ಚುಚ್ಚುಮದ್ದು ಕುದುರೆಗೂ ಬೇಕು, ಸವಾರನಿಗೂ ಬೇಕು. ಎಲ್ಲಕ್ಕಿಂತ ಮೊದಲು, ಬೇರೆಯವರ ಕುದುರೆಯ ಮೇಲೆ ಕೆಲವು ತಿಂಗಳು ಕಲಿತು, ಆಮೇಲೆ ಸ್ವಂತದ ಮಾತು.

7. ಮಾರುವಾಗ

ಮಗನ ಕೈಗೆ ಕಟ್ಟಿದ ಪಟ್ಟಿ ಬಿಚ್ಚುವ ಮೊದಲೇ ನಮ್ಮ ಕುದುರೆಯನ್ನು ಕೇಳಿಕೊಂಡು ಪಕ್ಕದೂರಿನ ತರುಣನೊಬ್ಬನು ಬಂದನು. ನಾವು ಕೊಟ್ಟಷ್ಟೇ ಬೆಲೆ ಕೊಡಲು ಸಿದ್ಧನಿದ್ದನು. ಅವನೂ ಹಲ್ಲು ನೋಡಿದನು, ಸುಳಿ ನೋಡಿದನು. ಮೂರು ದಿನದ ಹಿಂದಿನ ಸಂಗತಿಯನ್ನು ಕೇಳಲಿಲ್ಲ. ನಾವು ಬಾಯಿ ಮುಚ್ಚಿಕೊಂಡಿದ್ದರೆ ನಮ್ಮ ದುಡ್ಡು ಬರುತ್ತಿತ್ತು. ಒಂದು ಗಳಿಗೆ ಹಾಗೆಯೇ ಮುಚ್ಚಿಕೊಂಡಿದ್ದೆವು ಎಂದು ಒಪ್ಪಿಕೊಳ್ಳಬೇಕು. ಅಷ್ಟರಲ್ಲಿ ಮಗನು ಜೋಳಿಗೆಯಲ್ಲಿ ಕೈಯಿಟ್ಟುಕೊಂಡು ಬಾಗಿಲಿಗೆ ಬಂದು ನಿಂತನು. ಇದ್ದುದನ್ನು ಇದ್ದಂತೆ ಹೇಳಿದೆವು. ತರುಣನು ಹೊರಟುಹೋದನು. ಕೊನೆಗೆ ಕುದುರೆ ಪಳಗಿಸಬಲ್ಲ ಹಿರಿಯರೊಬ್ಬರಿಗೆ ಅರ್ಧ ಬೆಲೆಗೆ ಕೊಟ್ಟೆವು.

ಕಳೆದ ಬೇಸಿಗೆಯಲ್ಲಿ ಅದನ್ನು ಮತ್ತೆ ಕಂಡೆವು. ಈಗ ಅದಕ್ಕೆ ಹನ್ನೆರಡು ದಾಟಿದೆ. ಆ ಹಿರಿಯರ ಮೊಮ್ಮಗಳನ್ನು ಕೂಡಿಸಿಕೊಂಡು ಟ್ರಾಕ್ಟರಿನ ಪಕ್ಕದಲ್ಲೇ ನಿಧಾನವಾಗಿ ನಡೆದುಹೋಯಿತು. ಕುದುರೆ ಆಗಲೂ ಕೆಟ್ಟದ್ದಾಗಿರಲಿಲ್ಲ. ಅದಕ್ಕೆ ಬೇಕಾಗಿದ್ದ ಹತ್ತು ವರ್ಷದ ಪಾಠವನ್ನು ಕೊಡುವ ಯೋಗ್ಯತೆ ನಮಗಿರಲಿಲ್ಲ.

ಅಭ್ಯಾಸ: ಮುಂಗಡ ಕೊಡುವ ಮೊದಲು ಈ ಮೂರು ಪ್ರಶ್ನೆಗಳಿಗೆ ಮನೆಯವರೆಲ್ಲ ಕೂಡಿ ಉತ್ತರ ಬರೆಯಿರಿ. ಈ ಕುದುರೆಗೆ ಎಷ್ಟು ವರ್ಷ, ಯಾರು ಯಾರನ್ನು ಹೊತ್ತಿದೆ? ನಡುರಾತ್ರಿ ಅದಕ್ಕೆ ಶೂಲೆ ಬಂದರೆ ಯಾರನ್ನು ಕರೆಯುತ್ತೀರಿ? ಒಗ್ಗದಿದ್ದರೆ ನಿಜ ಹೇಳಿ ಯಾರಿಗೆ ಮಾರುತ್ತೀರಿ? ಮೂರರಲ್ಲಿ ಒಂದಕ್ಕೆ ಉತ್ತರವಿಲ್ಲದಿದ್ದರೂ ದುಡ್ಡನ್ನು ಗಂಟಿನಲ್ಲೇ ಇಟ್ಟುಕೊಂಡು ಮನೆಗೆ ಬನ್ನಿರಿ.