ಗಾಡಿಯ ಹಿಂದೆ ಕಟ್ಟಿದ ಎತ್ತು

ಎತ್ತು ಗಾಡಿಯನ್ನು ಎಳೆಯುತ್ತದೆ. ಹಿಂದೆ ನಿಂತು ತಳ್ಳುವುದಿಲ್ಲ. ಮೋಟಾರು ಕಾರು ಬಂದ ಮೇಲೂ ಈ ಭಾವನೆ ಜನರ ಮನಸ್ಸಿನಿಂದ ಬಹುಕಾಲ ಅಳಿಯಲಿಲ್ಲ. ಎಂಜಿನು ಮುಂದೆ, ಅದರ ಹಿಂದೆ ಚಾಲಕ, ಎಂಜಿನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಉಕ್ಕಿನ ದಂಡ ಅವನ ಆಸನದ ಕೆಳಗೆ. ಓಟದ ಕಾರುಗಳನ್ನು ಕಟ್ಟುವವರು ಸಾಮಾನ್ಯವಾಗಿ ಈ ಕ್ರಮವನ್ನೇ ಅನುಸರಿಸುತ್ತಿದ್ದರು. 1930ರ ದಶಕದಲ್ಲಿ ಜರ್ಮನಿಯ ಆಟೋ ಯೂನಿಯನ್ ಸಂಸ್ಥೆಗಾಗಿ ಫರ್ಡಿನಾಂಡ್ ಪೋರ್ಶೆ ಅವರು ಎಂಜಿನನ್ನು ಚಾಲಕನ ಬೆನ್ನ ಹಿಂದೆ ಇರಿಸಿ ಮಹಾಶಕ್ತಿಯ ಕಾರುಗಳನ್ನು ರಚಿಸಿದ್ದುಂಟು. ಅವು ಅನೇಕ ಪಂದ್ಯಗಳನ್ನು ಗೆದ್ದವು. ಆದರೆ ಅವುಗಳನ್ನು ಹತೋಟಿಯಲ್ಲಿಡಬಲ್ಲ ಚಾಲಕರು ಬೆರಳೆಣಿಕೆಯಷ್ಟು ಮಂದಿ ಮಾತ್ರ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ದೊಡ್ಡ ಸಂಸ್ಥೆಗಳು ಆ ಮಾರ್ಗದ ಗೊಡವೆಗೆ ಹೋಗಲಿಲ್ಲ. ಅದನ್ನು ಮತ್ತೆ ಹಿಡಿದವರು, ಅದರ ಮಹತ್ವ ತಮಗೇ ತಿಳಿಯದಂತೆ, ಒಬ್ಬ ತಂದೆ ಮತ್ತು ಮಗ.

ಲಂಡನ್ನಿನ ನೈಋತ್ಯಕ್ಕೆ ಇರುವ ಸರ್ಬಿಟನ್ ಎಂಬಲ್ಲಿ ಚಾರ್ಲ್ಸ್ ಕೂಪರ್ ಅವರದೊಂದು ಗ್ಯಾರೇಜು ಇತ್ತು. ಹಿಂದೆ ಅವರು ಕೇ ಡಾನ್ ಎಂಬ ಓಟಗಾರನ ಕಾರುಗಳಿಗೆ ಮೆಕ್ಯಾನಿಕರಾಗಿದ್ದವರು. ಮಿತವ್ಯಯಿ, ಹೊಸದೆಂದರೆ ಒಡನೆಯೇ ಒಪ್ಪುವ ಸ್ವಭಾವದವರಲ್ಲ. ಮಗ ಜಾನ್ ಹದಿನೈದನೆಯ ವಯಸ್ಸಿನಲ್ಲಿಯೇ ಶಾಲೆಯನ್ನು ಬಿಟ್ಟು ಉಪಕರಣಗಳನ್ನು ತಯಾರಿಸುವ ಕೆಲಸವನ್ನು ಕಲಿತಿದ್ದರು. ಯುದ್ಧ ಮುಗಿದಿದ್ದರೂ ಬ್ರಿಟನ್ನಿನಲ್ಲಿ ಎಲ್ಲ ವಸ್ತುಗಳಿಗೂ ಅಭಾವ; ಪೆಟ್ರೋಲು ಪಡಿತರದ ಮೇಲೆ ಸಿಗುತ್ತಿತ್ತು. ಹಣವಿಲ್ಲದ ಓಟಪ್ರಿಯರು 500 ಘನ ಸೆಂಟಿಮೀಟರಿನ ಮೋಟಾರ್ ಸೈಕಲ್ ಎಂಜಿನನ್ನು ಬಳಸಿ ಪುಟ್ಟ ಕಾರುಗಳ ಪಂದ್ಯವನ್ನು ನಡೆಸಲು ಯೋಚಿಸಿದರು. ಜಾನ್ ಮತ್ತು ಅವರ ಗೆಳೆಯ ಎರಿಕ್ ಬ್ರಾಂಡನ್ ಅಂಥದೊಂದು ಕಾರನ್ನು 1946ರಲ್ಲಿ ಕಟ್ಟಲು ತೊಡಗಿದರು. ಎರಡು ಹಳೆಯ ಫಿಯೆಟ್ ಕಾರುಗಳ ಮುಂಭಾಗಗಳನ್ನು ಕತ್ತರಿಸಿ, ಬೆನ್ನಿಗೆ ಬೆನ್ನು ಹಚ್ಚಿದಂತೆ ಬೆಸೆದರು. ಮೋಟಾರ್ ಸೈಕಲ್ ಎಂಜಿನು ಚಕ್ರವನ್ನು ತಿರುಗಿಸುವುದು ಸರಪಣಿಯಿಂದ. ಸರಪಣಿ ಗಿಡ್ಡದಾಗಿರಬೇಕಾದರೆ ಎಂಜಿನು ಹಿಂದಿನ ಚಕ್ರಗಳ ಬಳಿಯೇ ಇರಬೇಕು. ಆದುದರಿಂದ ಅದು ಚಾಲಕನ ಹಿಂದೆ ಹೋಗಿ ಕುಳಿತಿತು. ಇದರಲ್ಲಿ ಸಿದ್ಧಾಂತವೇನೂ ಇರಲಿಲ್ಲ, ಅನುಕೂಲವಿತ್ತು. ಮುಂದೆ ಕೀರ್ತಿ ಬಂದಾಗಲೂ ಜಾನ್ ಕೂಪರ್ ಇದನ್ನು ಮರೆಮಾಚಲಿಲ್ಲವೆಂಬುದು ಅವರ ದೊಡ್ಡ ಗುಣ.

ಪುಟ್ಟ ಕಾರು ಚುರುಕಾಗಿ ಓಡಿತು. ಬೇಡಿಕೆ ಬಂದಿತು. 1948ರಲ್ಲಿ ಅದನ್ನು ಕೊಂಡವರಲ್ಲಿ ಹದಿನೆಂಟು ವರ್ಷದ ಸ್ಟರ್ಲಿಂಗ್ ಮಾಸ್ ಒಬ್ಬರು. 1950ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಆರಂಭವಾದ ವರ್ಷವೇ, ಮೆಡಿಟರೇನಿಯನ್ ಕಡಲ ತಡಿಯ ಮೊನಾಕೊದಲ್ಲಿ, ಹ್ಯಾರಿ ಶೆಲ್ ಎಂಬವರು ಕೂಪರ್ ಕಾರೊಂದನ್ನು ದೊಡ್ಡ ಕಾರುಗಳ ನಡುವೆ ನಿಲ್ಲಿಸಿದರು. ಕಡಲ ಅಲೆಯೊಂದು ರಸ್ತೆಯನ್ನು ತೋಯಿಸಿ ಮೊದಲ ಸುತ್ತಿನಲ್ಲಿಯೇ ಹಲವು ಕಾರುಗಳು ಒಂದಕ್ಕೊಂದು ಹೊಡೆದುಕೊಂಡವು. ಕೂಪರಿನ ಕಥೆಯೂ ಅಲ್ಲಿಗೇ ಮುಗಿಯಿತು. ಯಾರೂ ಅದನ್ನು ಗಮನಿಸಲಿಲ್ಲ.

1955ರಲ್ಲಿ ಆಸ್ಟ್ರೇಲಿಯದಿಂದ ಜಾಕ್ ಬ್ರಾಬಮ್ ಬಂದರು. ಮಿತಭಾಷಿಯಾದ ಅವರು ಕಾರನ್ನು ಓಡಿಸುವಷ್ಟೇ ಚೆನ್ನಾಗಿ ಕಟ್ಟಲೂ ಬಲ್ಲವರು. ಗ್ಯಾರೇಜಿನಲ್ಲಿ ತಾವೇ ನಿಂತು ಕೆಲಸ ಮಾಡಿ ತಮ್ಮ ಕಾರನ್ನು ಸಿದ್ಧಗೊಳಿಸಿದರು. ಆಗ ಗ್ರ್ಯಾನ್ ಪ್ರಿ ಪಂದ್ಯಗಳಲ್ಲಿ ಎಂಜಿನಿನ ಗಾತ್ರಕ್ಕೆ 2.5 ಲೀಟರಿನ ಮಿತಿ ಇತ್ತು. ಕೂಪರ್ ತಂಡಕ್ಕೆ ದೊರೆತದ್ದು ಕೋವೆಂಟ್ರಿ ಕ್ಲೈಮ್ಯಾಕ್ಸ್ ಸಂಸ್ಥೆಯ ಎಂಜಿನು. ಬೆಂಕಿಯನ್ನು ಆರಿಸುವ ಪಂಪುಗಳಿಗೆ ಎಂಜಿನುಗಳನ್ನು ತಯಾರಿಸಿ ಹೆಸರಾದ ಸಂಸ್ಥೆಯದು. ಅದನ್ನು ಎಷ್ಟು ಹಿಗ್ಗಿಸಿದರೂ ಎರಡು ಲೀಟರನ್ನು ಮುಟ್ಟಲಿಲ್ಲ. ಅಂಥ ಕಾರಿನಲ್ಲಿ ಬ್ರಾಬಮ್ 1957ರ ಮೊನಾಕೊ ಪಂದ್ಯದಲ್ಲಿ ಮೂರನೆಯ ಸ್ಥಾನಕ್ಕೆ ಬಂದಿದ್ದರು. ಕೊನೆಯ ಘಟ್ಟದಲ್ಲಿ ಇಂಧನದ ಪಂಪು ಕೆಟ್ಟಿತು. ಕಾರನ್ನು ಕೈಯಿಂದ ತಳ್ಳಿಕೊಂಡೇ ಗೆರೆಯನ್ನು ದಾಟಿ ಆರನೆಯವರಾದರು.

1958ರ ಜನವರಿ 19ರಂದು ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ನಡೆದ ಪಂದ್ಯ ಎಲ್ಲರ ಕಣ್ಣು ತೆರೆಯಿಸಿತು. ರಾಬ್ ವಾಕರ್ ಎಂಬ ಶ್ರೀಮಂತರು ಕೊಂಡಿದ್ದ ಕೂಪರ್ ಕಾರನ್ನು ಅಂದು ಸ್ಟರ್ಲಿಂಗ್ ಮಾಸ್ ಓಡಿಸಿದರು. ಎದುರಿಗೆ ಫೆರಾರಿ, ಮಸೆರಾಟಿಗಳು. ಫೆರಾರಿಯ ಚಕ್ರವನ್ನು ಒಂದೇ ತಿರುಪು ಹಿಡಿದಿರುತ್ತಿತ್ತು. ಸುತ್ತಿಗೆಯಿಂದ ಹೊಡೆದರೆ ಬಿಚ್ಚಿಕೊಳ್ಳುತ್ತಿತ್ತು. ಕೂಪರಿನ ಚಕ್ರಕ್ಕಾದರೋ ನಾಲ್ಕು ತಿರುಪುಗಳು. ನಡುವೆ ನಿಂತು ಟೈರು ಬದಲಿಸಿದರೆ ಸೋಲು ಖಂಡಿತ. ಮಾಸ್ ನಿಲ್ಲಲೇ ಇಲ್ಲ. ಆದರೆ ಅವರ ಕಡೆಯ ಮೆಕ್ಯಾನಿಕರು ಹೊಸ ಟೈರುಗಳನ್ನು ಎಲ್ಲರಿಗೂ ಕಾಣುವಂತೆ ಹೊರಗೆ ಜೋಡಿಸಿಟ್ಟು, ಇನ್ನೇನು ಕಾರು ಬರುವುದೆಂಬಂತೆ ಕಾದು ನಿಂತರು! ಹೇಗೂ ನಿಲ್ಲುವವನೆಂದು ಎದುರಾಳಿಗಳು ಅವಸರಪಡಲಿಲ್ಲ. ನಿಜ ತಿಳಿದು ಫೆರಾರಿಯ ಲೂಯಿಜಿ ಮುಸ್ಸೊ ಬೆನ್ನಟ್ಟುವ ವೇಳೆಗೆ ಕಾಲ ಮಿಂಚಿತ್ತು. ಮಾಸ್ 2.7 ಸೆಕೆಂಡುಗಳ ಅಂತರದಿಂದ ಗೆದ್ದಾಗ ಟೈರಿನ ರಬ್ಬರು ಸವೆದು ಒಳಗಿನ ಬಟ್ಟೆಯ ಪದರ ಕಾಣುತ್ತಿತ್ತು. ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಹಿಂಬದಿ ಎಂಜಿನಿನ ಕಾರಿಗೆ ದೊರೆತ ಮೊದಲ ಜಯವಿದು. ಅದೃಷ್ಟವೆಂದು ಕೆಲವರು ಮೂಗು ಮುರಿದರು. ಮೇ ತಿಂಗಳಿನಲ್ಲಿ ಮೊನಾಕೊದಲ್ಲಿ ಮಾರಿಸ್ ಟ್ರಿಂಟಿನ್ಯಾ ಅದೇ ವಾಕರ್ ತಂಡದ ಕೂಪರಿನಲ್ಲಿ ಮತ್ತೆ ಗೆದ್ದಾಗ ಮೂಗು ಮುರಿಯುವವರು ಕಡಿಮೆಯಾದರು.

ಕಡಿಮೆ ಶಕ್ತಿಯ ಕಾರು ಹೆಚ್ಚು ಶಕ್ತಿಯದನ್ನು ಸೋಲಿಸಿದ ಬಗೆ ಯಾವುದು? ಎಂಜಿನು ಹಿಂದಿದ್ದುದರಿಂದ ಆಸನದ ಕೆಳಗೆ ಹಾಯುವ ದಂಡ ಬೇಡವಾಯಿತು. ದಂಡವಿಲ್ಲದುದರಿಂದ ಚಾಲಕ ನೆಲಕ್ಕೆ ಹತ್ತಿರವಾಗಿ ಕೂತ. ಕಾರು ಗಿಡ್ಡವಾಯಿತು, ಗಾಳಿಯ ಅಡ್ಡಿ ತಗ್ಗಿತು. ಭಾರ ಇಳಿದಷ್ಟೂ ಇಂಧನ ಉಳಿಯಿತು, ಟೈರು ಸವೆಯುವುದು ನಿಧಾನವಾಯಿತು. ಭಾರವಾದ ಭಾಗಗಳೆಲ್ಲ ಕಾರಿನ ನಡುವಿಗೆ ಹತ್ತಿರವಾದ ಕಾರಣ ತಿರುವುಗಳಲ್ಲಿ ಅದು ಬೇಗನೆ ಹೊರಳುತ್ತಿತ್ತು. ತುಂಬಿದ ಬಿಂದಿಗೆಯನ್ನು ಎದೆಗೆ ಅವಚಿಕೊಂಡು ಗಿರಕ್ಕನೆ ತಿರುಗುವುದಕ್ಕೂ, ಚಾಚಿದ ಕೈಗಳಲ್ಲಿ ಹಿಡಿದು ತಿರುಗುವುದಕ್ಕೂ ಇರುವ ವ್ಯತ್ಯಾಸವೇ ಇದು. 1958ರಿಂದ ಪಂದ್ಯಗಳ ದೂರವನ್ನು ಕಡಿಮೆ ಮಾಡಿದ್ದೂ ಹಗುರವಾದ ಕಾರಿಗೆ ಒದಗಿಬಂದಿತೆಂಬುದನ್ನು ಹೇಳದಿದ್ದರೆ ನ್ಯಾಯವಾಗದು.

1959ರಲ್ಲಿ ಕ್ಲೈಮ್ಯಾಕ್ಸ್ ಸಂಸ್ಥೆ ಪೂರ್ಣ 2.5 ಲೀಟರಿನ ಎಂಜಿನನ್ನು ಕೊಟ್ಟಿತು. ಗೇರುಪೆಟ್ಟಿಗೆ ಮಾತ್ರ ಫ್ರಾನ್ಸಿನ ಸಿಟ್ರೊಯೆನ್ ಕಾರಿನದನ್ನು ಆಧರಿಸಿ ಮಾರ್ಪಡಿಸಿದ್ದು. ಬ್ರಾಬಮ್ ಮೊನಾಕೊ ಹಾಗೂ ಬ್ರಿಟಿಷ್ ಪಂದ್ಯಗಳನ್ನು ಗೆದ್ದರು. ಡಿಸೆಂಬರ್ 12ರಂದು ಅಮೆರಿಕದ ಸೆಬ್ರಿಂಗ್‌ನಲ್ಲಿ ವರ್ಷದ ಕೊನೆಯ ಪಂದ್ಯ. ಬ್ರಾಬಮ್ ಮುಂದಿದ್ದರು. ಕೊನೆಯ ಸುತ್ತಿನಲ್ಲಿ, ಗೆರೆ ಇನ್ನು ಕೆಲವೇ ನೂರು ಗಜವಿರುವಾಗ, ಪೆಟ್ರೋಲು ಬರಿದಾಗಿ ಕಾರು ನಿಂತಿತು. ಹಿಂದೆ ಬಂದ ತಂಡದ ಕಿರಿಯ ಚಾಲಕ ಬ್ರೂಸ್ ಮೆಕ್‌ಲಾರೆನ್ ಏನಾಯಿತೋ ಎಂದು ವೇಗವನ್ನು ತಗ್ಗಿಸಲು, ಬ್ರಾಬಮ್ ಕೈಬೀಸಿ ಮುಂದಕ್ಕೆ ಕಳುಹಿಸಿದರು. ಇಪ್ಪತ್ತೆರಡು ವರ್ಷದ ಆ ತರುಣ ಒಂದು ಸೆಕೆಂಡಿಗಿಂತಲೂ ಕಡಿಮೆ ಅಂತರದಿಂದ ಗೆದ್ದನು. ಅನ್ಯರ ನೆರವು ಪಡೆಯಕೂಡದೆಂಬುದು ನಿಯಮ. ಬ್ರಾಬಮ್ ಒಬ್ಬರೇ ಏದುಸಿರು ಬಿಡುತ್ತ ಕಾರನ್ನು ತಳ್ಳಿ, ಗೆರೆಯನ್ನು ದಾಟಿಸಿ, ನೆಲದ ಮೇಲೆ ಕುಸಿದರು. ನಾಲ್ಕನೆಯ ಸ್ಥಾನ, ಅದರೊಡನೆ ವಿಶ್ವ ಚಾಂಪಿಯನ್ ಪಟ್ಟ. ಅಂಕಗಳ ಲೆಕ್ಕ ಹಾಕಿದರೆ, ಅಂದು ತಳ್ಳದಿದ್ದರೂ ಪಟ್ಟ ಅವರದೇ ಆಗುತ್ತಿತ್ತು. ತಳ್ಳುವವರಿಗೆ ಆ ಲೆಕ್ಕಕ್ಕೆ ವ್ಯವಧಾನವೆಲ್ಲಿ?

ಗಾಡಿಯ ಮುಂದೆ ಕಟ್ಟಬೇಕಾದ ಪ್ರಾಣಿಯನ್ನು ಹಿಂದೆ ಕಟ್ಟುವುದುಂಟೆ ಎಂಬ ಅರ್ಥದ ಮಾತನ್ನು ಇಟಲಿಯ ಎನ್ಜೊ ಫೆರಾರಿ ಆಡಿದರೆಂದು ಪ್ರತೀತಿ. 1960ರಲ್ಲಿ ಬ್ರಾಬಮ್ ಒಂದರ ಮೇಲೊಂದರಂತೆ ಐದು ಪಂದ್ಯಗಳನ್ನು ಗೆದ್ದು ಮತ್ತೆ ಪಟ್ಟವೇರಿದರು. ಕಾರು ನಿರ್ಮಾಪಕರ ಪ್ರಶಸ್ತಿಯೂ ಎರಡನೆಯ ಸಲ ಕೂಪರಿಗೇ ಸಂದಿತು. 1961ರಲ್ಲಿ ಫೆರಾರಿಯವರೇ ಎಂಜಿನನ್ನು ಹಿಂದಕ್ಕಿಟ್ಟರು, ಆ ವರ್ಷದ ಪ್ರಶಸ್ತಿಯನ್ನೂ ಗೆದ್ದರು.

ಅಲ್ಲಿಂದ ಕೂಪರ್ ತಂಡದ ದಿನಗಳು ಇಳಿಮುಖವಾದವು. ಕೂಪರಿನವರು ಕೈಯ ಅನುಭವದಿಂದ ಕಂಡುಕೊಂಡದ್ದನ್ನು ಲೋಟಸ್ ತಂಡದ ಕಾಲಿನ್ ಚಾಪ್‌ಮನ್ ಗಣಿತದಿಂದ ಬೆಳೆಸಿದರು. 1962ರಲ್ಲಿ ಅವರು ಕೊಳವೆಗಳ ಚೌಕಟ್ಟನ್ನೇ ಬಿಟ್ಟು ತಗಡಿನ ತೊಟ್ಟಿಯಂಥ ಒಡಲನ್ನು ರಚಿಸಿದರು. ಕೂಪರಿನಲ್ಲಿ ಇನ್ನೂ ಕೆಲವು ವರ್ಷ ಕೊಳವೆಗಳನ್ನೇ ಬೆಸೆಯುತ್ತಿದ್ದರು. ಬ್ರಾಬಮ್ 1961ರ ಕೊನೆಯಲ್ಲಿ ತಂಡವನ್ನು ಬಿಟ್ಟು ತಮ್ಮದೇ ತಂಡವನ್ನು ಕಟ್ಟಿದರು. ಮೆಕ್‌ಲಾರೆನ್ 1965ರ ತರುವಾಯ ಅದೇ ದಾರಿಯನ್ನು ಹಿಡಿದರು. 1963ರಲ್ಲಿ ಜಾನ್ ರಸ್ತೆ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡರು. 1964ರಲ್ಲಿ ಚಾರ್ಲ್ಸ್ ತೀರಿಕೊಂಡರು. ಮರುವರ್ಷ ತಂಡವನ್ನು ಮಾರಲಾಯಿತು. 1967ರ ಆರಂಭದಲ್ಲಿ ದಕ್ಷಿಣ ಆಫ್ರಿಕದಲ್ಲಿ ಮೆಕ್ಸಿಕೋದ ಪೆಡ್ರೊ ರೊಡ್ರಿಗೆಸ್ ಕೂಪರಿಗೆ ಹದಿನಾರನೆಯ ಹಾಗೂ ಕೊನೆಯ ಜಯವನ್ನು ತಂದರು. ಅಂದು ಎರಡನೆಯದಾಗಿ ಬಂದದ್ದೂ ಒಂದು ಹಳೆಯ ಕೂಪರ್ ಕಾರು.

1968ರ ಕೊನೆಗೆ ತಂಡ ಕಣ್ಮರೆಯಾಯಿತು. ಮರುವರ್ಷ ಮೊನಾಕೊದಲ್ಲಿ ಖಾಸಗಿಯವರು ಕೊಂಡಿದ್ದ ಕೂಪರ್ ಕಾರೊಂದನ್ನು ವಿಕ್ ಎಲ್ಫರ್ಡ್ ಓಡಿಸಿ ಏಳನೆಯವರಾದರು. ಅದಾದ ಮೇಲೆ ವಿಶ್ವ ಚಾಂಪಿಯನ್‌ಷಿಪ್ಪಿನ ಪಂದ್ಯದಲ್ಲಿ ಕೂಪರ್ ಕಾಣಿಸಿಕೊಳ್ಳಲಿಲ್ಲ. ಅಂದು ಆ ಕಡಲ ತಡಿಯಲ್ಲಿ ಹೊರಟ ಹದಿನಾರು ಕಾರುಗಳ ಪೈಕಿ ಒಂದರಲ್ಲಿಯೂ ಎಂಜಿನು ಚಾಲಕನ ಮುಂದೆ ಇರಲಿಲ್ಲ.